ಸುಗುಣಮ್ಮನ ಹಿಮ್ಮಡಿ

ಗದ್ವಾಲದ ನೇಕಾರರ ಓಣಿಯಲ್ಲಿ ಸುಗುಣಮ್ಮನ ಕಣ್ಣಿಗೆ ಸರಿ ಕಂಡ ಮನುಷ್ಯ ಇನ್ನೂ ಹುಟ್ಟಿಲ್ಲ. ಈಗ ಐವತ್ತೆರಡು ವರ್ಷದ ಈ ಹೆಂಗಸು ನಾರಾಯಣಪೇಟೆಯಲ್ಲಿ ಹುಟ್ಟಿ, ಹತ್ತೊಂಬತ್ತಕ್ಕೆ ಗದ್ವಾಲದ ಸೊಸೆಯಾದವಳು. ಬಂದ ವಾರದಲ್ಲೇ ಅತ್ತೆಮನೆಯ ಮಗ್ಗದ ಮೇಲಿದ್ದ ಸೀರೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಮೂಗು ಮುರಿದಳಂತೆ. ಮುರಿದ ಆ ಮೂಗು ಮೂವತ್ತಮೂರು ವರ್ಷವಾದರೂ ನೆಟ್ಟಗಾಗಿಲ್ಲ. ತವರಿಗೆ ಹೋದರೆ ಅಲ್ಲಿಯ ಚೌಕಳಿ ಸೀರೆ ನೋಡಿ, "ಇದನ್ನೇನ್ ನೇಯ್ತೀರಿ, ಮಗ್ಗ ಬಿಟ್ಟು ಎದ್ದು ಹೋದ್ರೂ ತಾನೇ ನೇಯ್ಕೊಂತೈತಿ" ಅನ್ನುವಳು. ಗದ್ವಾಲಕ್ಕೆ ಮರಳಿದರೆ ಓಣಿಯ ಹೆಂಗಸರ ಕೆಲಸ ನೋಡಿ, "ರೇಷ್ಮಿ ಅಂಚು ಹಚ್ಚಿದ ಕೂಡ್ಲೇ ಕೈ ಬಂತು ಅಂದ್ಕೊಂಡಾರ" ಅನ್ನುವಳು. ಎರಡೂ ಊರಿನಲ್ಲಿ ಅವಳಿಗೆ ಸ್ನೇಹಿತೆಯರಿಲ್ಲ. ಅದರ ಕೊರಗೂ ಅವಳಿಗಿಲ್ಲ.

ಇಷ್ಟು ತಾತ್ಸಾರವನ್ನು ಜನ ಸಹಿಸಿಕೊಂಡದ್ದು ಅವಳ ಕೈಗಾಗಿ. ಗದ್ವಾಲದ ಸೀರೆಗೆ ಮೈ ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯದು. ಮೈ ಮುಗಿದು ಸೆರಗು ಶುರುವಾಗುವ ಕಡೆ ಹತ್ತಿಯ ಒಂದೊಂದು ಎಳೆಗೂ ರೇಷ್ಮೆಯ ಒಂದೊಂದು ಎಳೆಯನ್ನು ಬೆರಳಿನಿಂದ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಸುಗುಣಮ್ಮ ಕೂಡಿಸಿದ ಜಾಗ ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗೂ ತಾಗುತ್ತಿರಲಿಲ್ಲ. ಸೀರೆ ಒಯ್ಯುವ ವ್ಯಾಪಾರಿ ಆದೆಪ್ಪ ಎಲ್ಲರ ಸೀರೆಯನ್ನೂ ಬಾಗಿಲ ಬೆಳಕಿಗೆ ಅಡ್ಡ ಹಿಡಿದು ಮೊಳ ಮೊಳ ಪರೀಕ್ಷಿಸುವ ಆಸಾಮಿ. ಇವಳದನ್ನು ಮಾತ್ರ ಬಿಚ್ಚದೆ ಮಡಿಸಿ ಚೀಲಕ್ಕೆ ಹಾಕುತ್ತಿದ್ದ. ಅವನ ಬಗ್ಗೆಯೂ ಸುಗುಣಮ್ಮನಿಗೆ ಒಳ್ಳೆಯ ಮಾತಿಲ್ಲ. "ಬಟ್ಟಿ ಬಗ್ಗೆ ಆಂವಗ ಏನೂ ಗೊತ್ತಿಲ್ಲ, ನಾ ನೇಯ್ದದ್ದು ಅನ್ನೋದೊಂದು ಗೊತ್ತೈತಿ" ಅನ್ನುವಳು.

ಅವಳ ತಾತ್ಸಾರದ ದೊಡ್ಡ ಪಾಲು ಮನೆಯೊಳಗೇ ಖರ್ಚಾಗುತ್ತಿತ್ತು. ಗಂಡ ವೆಂಕಟಯ್ಯ ಬೀಡಿ ಸೇದುತ್ತ ಜಗುಲಿಯ ಮೇಲೆ ಕೂತು ನೂಲು ಸುತ್ತುವ ಮನುಷ್ಯ, ಮಾತಿಗೆ ಎದುರಾಡಿದವನಲ್ಲ. ಆತನ ಅಕ್ಕ ಬಾಲಮ್ಮ ಐಜ ಎಂಬ ಊರಿನವಳು, ವಿಧವೆ. ಇಪ್ಪತ್ತು ವರ್ಷ ಗಂಡನ ಜೊತೆ ನೂಲಿಗೆ ಬಣ್ಣ ಹಾಕುವ ಕಡಾಯಿಗಳ ಮುಂದೆ ನಿಂತವಳು, ಹಬ್ಬ ಹುಣ್ಣಿಮೆಗೆ ಬಂದಾಗ ಮಗ್ಗದ ಮೇಲೂ ಕೂರುವಳು. ಆಕೆ ನೇಯ್ದ ಮೊಳವನ್ನು ನೋಡಿ ಸುಗುಣಮ್ಮ ಒಮ್ಮೆ, "ಇದರಾಗ ಜೋಳ ಸಾಣಿಸಬಹುದು" ಅಂದಿದ್ದಳು. ಓಣಿಗೆ ಓಣಿಯೇ ನಕ್ಕು ಆ ಮಾತನ್ನು ಎತ್ತಿಕೊಂಡಿತು. ಯಾರ ನೇಯ್ಗೆ ಸಡಿಲಾದರೂ ಜೋಳ ಸಾಣಿಸಬಹುದು ಅನ್ನುವುದು ರೂಢಿಗೆ ಬಂತು. ಬಾಲಮ್ಮ ಮಾತ್ರ ಆವತ್ತು ನಕ್ಕಿರಲಿಲ್ಲ.

ಕಳೆದ ವರ್ಷ ಏಪ್ರಿಲ್‌ನಲ್ಲಿ ನಾರಾಯಣಪೇಟೆಗೆ ತೊಟ್ಟಿಲ ಕಾರ್ಯಕ್ಕೆ ಹೋಗಿ ಗಂಡ ಹೆಂಡತಿ ಬೈಕಿನ ಮೇಲೆ ಮರಳುತ್ತಿದ್ದರು. ಮಕ್ತಲ್ ದಾಟಿ, ಜುರಾಲಾ ಡ್ಯಾಮು ದಾಟಿ, ಧರೂರಿನ ಹತ್ತಿರ ಬಂದರೆ ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಕಾಲುವೆ ನೀರಿನ ಊರವರಿಗೆ ಡಾಂಬರು ರಸ್ತೆ ಸರ್ಕಾರ ಹಾಕಿಸಿಕೊಟ್ಟ ಕಣ. "ಭತ್ತದ ಮ್ಯಾಲೆ ಹೋಗಬ್ಯಾಡ" ಎಂದಳು ಸುಗುಣಮ್ಮ. ವೆಂಕಟಯ್ಯ ಜೀವಮಾನದಲ್ಲಿ ಒಮ್ಮೆ ಹೆಂಡತಿಯ ಮಾತು ಮೀರಿದ್ದು ಅಲ್ಲೇ. ಬೈಕು ಜಾರಿತು. ಒಂದೇ ಮಗ್ಗುಲಿಗೆ ಕಾಲು ಇಳಿಬಿಟ್ಟು ಕೂತಿದ್ದ ಸುಗುಣಮ್ಮನ ಎಡಗಾಲು ಹಿಂದಿನ ಗಾಲಿಯ ಕಡ್ಡಿಗಳೊಳಗೆ ಹೋಯಿತು. ವೆಂಕಟಯ್ಯನಿಗೆ ಮೊಣಕೈ ತರಚಿತು ಅಷ್ಟೇ.

ಹಿಮ್ಮಡಿಯ ಹಿಂಭಾಗದ ತೊಗಲು ಪೂರ್ತಿ ಕಿತ್ತುಬಂದಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ಎರಡು ಸಲ ತೊಳೆದು, ಸತ್ತ ಮಾಂಸ ತೆಗೆದ ಮೇಲೆ ನೋಡಿದರೆ ಒಳಗಿನ ದಪ್ಪ ನರವೂ ಎಲುಬಿನ ಒಂದು ತುಂಡೂ ಬೆಳ್ಳಗೆ ಕಾಣುತ್ತಿದ್ದವು. ಮಗ್ಗ ತುಳಿಯುವವಳಿಗೆ ಕಾಲು ಅಂದರೆ ಅರ್ಧ ಕೈ. ಎರಡು ತುಳಿಗೋಲು, ಎರಡು ಕಾಲು, ಒಂದರ ನಂತರ ಒಂದು. ಆ ಬೆಳ್ಳಗಿದ್ದದ್ದನ್ನು ನೋಡಿ ಸುಗುಣಮ್ಮ ಮೊದಲ ಸಲ ಹೆದರಿದಳು. ಹೆದರಿದ್ದು ಯಾರಿಗೂ ಕಾಣಬಾರದೆಂದು ಊಟ ತಂದ ಗಂಡನನ್ನು ಪಲ್ಲೆಗೆ ಉಪ್ಪಿಲ್ಲವೆಂದು ಬೈದಳು.

ಆಮೇಲೆ ನೋಡಲು ಬರುವವರ ಸಾಲು. ಡಾಕ್ಟರು ಕಾಲಿನ ಮೀನಖಂಡದಿಂದ ತೊಗಲು ತೆಗೆದು ಹಿಮ್ಮಡಿಗೆ ಕೂಡಿಸುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಬಂದವರೆಲ್ಲರ ಬಾಯಲ್ಲಿ ಒಂದೇ ಮಾತು: "ಸೇಫ್ ಐತೇನು?" ಬೈಕಿನ ಮೇಲೆ ಮೂರು ಮಂದಿ ಹೆಲ್ಮೆಟ್ಟಿಲ್ಲದೆ ಬಂದಿಳಿದು, ಕೆಳಗೆ ಕ್ಯಾಂಟೀನಿನಲ್ಲಿ ಮಿರ್ಚಿ ತಿಂದು, ಕೈ ಒರೆಸಿಕೊಳ್ಳುತ್ತ ಸೇಫ್ ಐತೇನು ಎಂದು ಕೇಳುವ ಜನ. ನಾರ್ವದ ಮಾಳಿಂಗಪ್ಪ ಎಂಬ ದೂರದ ನೆಂಟ ಸ್ಟೂಲ್ ಎಳೆದುಕೊಂಡು ಕೂತು, ತಾನೇ ದೊಡ್ಡ ವೈದ್ಯನೆಂಬಂತೆ ಹೇಳಿದ: "ಇವೆಲ್ಲ ಹಚ್ಚಿಸ್ಕೋಬ್ಯಾಡ. ಮೊಣಕಾಲ ಕೆಳಗ ತೆಗೆಸಿಬಿಡು. ಪ್ಲಾಸ್ಟಿಕ್ ಕಾಲು ಹಾಕ್ತಾರ, ಚಲೋ ಇರ್ತೈತಿ. ಸೇಫ್."

"ನಿನ್ನ ತಲಿ ಅಂಥದ್ದೇ ಹಾಕಿಸ್ಕೊಂಡೀಯಲ್ಲ, ಹೆಂಗ ನಡದೈತಿ?" ಎಂದು ಕೇಳಿದಳು ಸುಗುಣಮ್ಮ. ಮಾಳಿಂಗಪ್ಪ ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ.

ಡಾಕ್ಟರ್ ಪ್ರಿಯಂವದಾ ಬಂದಾಗ ಸುಗುಣಮ್ಮನ ಮುಖ ಇನ್ನಷ್ಟು ಸಿಂಡರಿಸಿತು. ಮೂವತ್ತೈದು ದಾಟದ, ಗಾಳಿ ಬಂದರೆ ಹಾರಿ ಹೋಗುವಂಥ ತೆಳ್ಳಗಿನ ಹೆಣ್ಣುಮಗಳು. ಇವಳು ತನ್ನ ಕಾಲು ಕೊಯ್ಯುವವಳು. ಸುಗುಣಮ್ಮ ಸೇಫಾ ಎಂದು ಕೇಳಲಿಲ್ಲ. "ಕೈ ತೋರಿಸ್ರಿ" ಎಂದಳು.

ಡಾಕ್ಟರು ಅರ್ಥವಾಗದೆ ಕೈ ಚಾಚಿದಳು. ಸುಗುಣಮ್ಮ ಆ ಬೆರಳುಗಳ ತುದಿಯನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಉಗುರನ್ನು ಬುಡಕ್ಕೆ ಕತ್ತರಿಸಿಕೊಂಡಿದ್ದಳು. ಚಾಚಿದ ಕೈ ಅಷ್ಟು ಹೊತ್ತು ಗಾಳಿಯಲ್ಲಿ ನಿಂತರೂ ಅಲುಗಲಿಲ್ಲ. "ಹ್ಞೂಂ" ಎಂದು ಬಿಟ್ಟಳು. ಮೂವತ್ತಮೂರು ವರ್ಷದಲ್ಲಿ ಅವಳ ಬಾಯಿಂದ ಮತ್ತೊಬ್ಬರ ಕೈಗೆ ಸಿಕ್ಕ ದೊಡ್ಡ ಮರ್ಯಾದೆ ಅದು. ಡಾಕ್ಟರಿಗೆ ಅದು ಗೊತ್ತಾಗಲಿಲ್ಲ.

"ಬರೀ ಎಲುಬಿನ ಮ್ಯಾಲೆ ತೆಳ್ಳನ ತೊಗಲು ಅಂಟಿಸಿದ್ರ ಹತ್ತಂಗಿಲ್ರಿ" ಎಂದು ಡಾಕ್ಟರು ವಿವರಿಸಿದಳು. "ಅದಕ್ಕ ಮೀನಖಂಡದ ತೊಗಲು, ಅದರ ಕೆಳಗಿನ ಮೆದು, ರಕ್ತದ ನಾಳ, ಎಲ್ಲಾ ಕೂಡೇ ಎಬ್ಬಿಸ್ತೀವಿ. ಪೂರಾ ಕಡಿಯಂಗಿಲ್ಲ. ಬುಡ ಹಂಗೇ ಇಟ್ಟು, ತಿರುವಿ ತಂದು ಹಿಮ್ಮಡಿ ಮ್ಯಾಲೆ ಕೂಡಿಸ್ತೀವಿ. ಮೀನಖಂಡಕ್ಕ ತೊಡೀಯಿಂದ ತೆಳ್ಳನ ತೊಗಲು ತಂದು ಹಾಕ್ತೀವಿ."

"ಎಳಿ ಕಡೀದಂಗ" ಎಂದಳು ಸುಗುಣಮ್ಮ. ಸೆರಗು ಕೂಡಿಸುವ ಕೆಲಸವೂ ಹಾಗೇ. ಎಳೆ ಮಗ್ಗದಿಂದ ಬಿಡದೆ ಕೂಡಿದರೆ ಮಾತ್ರ ಬಟ್ಟೆ. ನೋಡಲು ಬಂದ ಇಡೀ ಗುಂಪಿನಲ್ಲಿ ಯಾರ ತಲೆಗೂ ಹತ್ತದ ಸಂಗತಿ ಅವಳಿಗೆ ಒಂದೇ ಮಾತಿಗೆ ಹತ್ತಿತು. ಅದರಿಂದ ಆ ಗುಂಪಿನ ಮೇಲೆ ಅವಳ ತಾತ್ಸಾರ ಇನ್ನೊಂದು ಗೇಣು ಬೆಳೆಯಿತು.

"ನಾ ಮಾಡಿದ ಹತ್ತರಾಗ ಎಂಟು ಸೀದಾ ಕೂಡ್ಯಾವ್ರಿ" ಎಂದಳು ಡಾಕ್ಟರು. "ಒಂದೆರಡರಾಗ ತುದಿ ಕರ್ರಗಾಗಿ ಹೋಗೈತಿ, ಅದನ್ನ ಆಮ್ಯಾಲೆ ಸರಿ ಮಾಡೀವಿ. ಪೂರಾ ಹೋಗೋದು ಅಪರೂಪ. ಆದ್ರ ಹೋಗಂಗೇ ಇಲ್ಲ ಅಂತ ನಾ ಬರದು ಕೊಡಂಗಿಲ್ಲ. ಸಕ್ಕರಿ ರೋಗ ನಿಮಗಿಲ್ಲ, ಚಲೋ ಆತು. ತಂಬಾಕು ಬಿಡಬೇಕು, ಅದು ಸಣ್ಣ ನಾಳ ಮುಚ್ಚಿಸ್ತೈತಿ."

ಸುಗುಣಮ್ಮ ಸೊಂಟದ ಕಡ್ಡಿಪುಡಿ ಡಬ್ಬಿ ತೆಗೆದು ಕಿಟಕಿಯಾಚೆ ಎಸೆದಳು. ಮೂವತ್ತು ವರ್ಷದ ಚಟ. ಬಿಟ್ಟದ್ದು ಕಾಲಿಗಾಗಿ ಎಷ್ಟೋ, ಬೀಡಿ ಬಿಡಲಾಗದ ಗಂಡನನ್ನು ಹೀಯಾಳಿಸುವುದಕ್ಕಾಗಿಯೂ ಅಷ್ಟೇ.

ಆಪರೇಷನ್ ನಾಲ್ಕು ತಾಸು ನಡೆಯಿತು. ಕೂಡಿಸಿದ ತೊಗಲು ಬದುಕಿತು. ಹಿಮ್ಮಡಿಯ ಮೇಲೆ ದಪ್ಪಗೆ, ಬೇರೆ ಯಾರದೋ ಎಂಬಂತೆ ಕೂತಿತ್ತು, ಆದರೆ ಬೆಚ್ಚಗಿತ್ತು, ಬಣ್ಣ ಮೈಬಣ್ಣವೇ ಇತ್ತು. ಹನ್ನೊಂದನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರು ಮಂಚದ ಪಕ್ಕ ಕೂತು ಎರಡೆರಡು ಸಲ ಹೇಳಿದಳು: "ಇನ್ನ ಅಪಾಯ ನನ್ನ ಕೈಯಾಗಿಲ್ರಿ, ನಿಮ್ಮ ಮನ್ಯಾಗ ಐತಿ. ಆ ತೊಗಲಿಗೆ ರಕ್ತ ಹೋಗಾಕ ದಾರಿ ಐತಿ, ತಿರುಗಿ ಬರೋ ದಾರಿ ಇನ್ನೂ ಸಣ್ಣದು. ಕಾಲು ಇಳಿಬಿಟ್ರ ಹೋದ ರಕ್ತ ಅಲ್ಲೇ ನಿಂತು ತೊಗಲು ಸಾಯ್ತೈತಿ. ಇನ್ನ ಹತ್ತು ದಿನ ನಡೀಬ್ಯಾಡ್ರಿ, ನಿಲ್ಲಬ್ಯಾಡ್ರಿ, ಮಂಚದಿಂದ, ಕುರ್ಚಿಯಿಂದ ಕಾಲು ಇಳಿಬಿಡಬ್ಯಾಡ್ರಿ. ದಿನಾ ಮೂರು ಸಲ ಬಣ್ಣ ನೋಡಬೇಕು. ಮನ್ಯಾಗ ಎಲ್ಲಿ ಕೂಡ್ತೀರಿ?"

"ನೆಲದ ಮ್ಯಾಲೆ. ನಮ್ಮನ್ಯಾಗ ಕುರ್ಚಿ ಇಲ್ಲ."

"ಭಾಳ ಚಲೋ ಆತು" ಎಂದಳು ಡಾಕ್ಟರು.

ಮನೆಗೆ ಬಂದರೆ ಐಜದಿಂದ ಬಾಲಮ್ಮ ಬಂದು ಒಲೆ ಹಿಡಿದಿದ್ದಳು. ಒಲೆ ಮಾತ್ರವಲ್ಲ, ಮಗ್ಗವನ್ನೂ. ಯಾರದೋ ಮದುವೆಗೆಂದು ಆದೆಪ್ಪನಿಂದ ಒಪ್ಪಿಕೊಂಡ ಸೀರೆ ಅರ್ಧಕ್ಕೆ ನಿಂತಿತ್ತು, ವೆಂಕಟಯ್ಯ ಅಕ್ಕನನ್ನು ಕೂರಿಸಿದ್ದ. ಸುಗುಣಮ್ಮ ಮುಂದಿನ ಕೋಣೆಯಲ್ಲಿ ಎರಡು ದಿಂಬು, ಅದರ ಮೇಲೊಂದು ನೂಲಿನ ಗಂಟು, ಅದರ ಮೇಲೆ ಕಾಲು ಇಟ್ಟು ಮಲಗಿದಳು. ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ಹಲಗೆ ಬಡಿಯುವ ಸದ್ದಿನಲ್ಲೇ ನೇಯುವವರ ಕೈ ಗೊತ್ತಾಗುತ್ತದೆ. ಬಾಲಮ್ಮನ ಬಡಿತ ನಿಧಾನ, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಯೋಚನೆ ಮಾಡಿದಂತೆ ಒಂದು ತಡೆ. ಸುಗುಣಮ್ಮನಿಗೆ ಆ ತಡೆ ಗಾಯಕ್ಕಿಂತ ಹೆಚ್ಚು ನೋಯಿಸಿತು. ತನ್ನ ಮಗ್ಗದ ಗುಂಡಿಯಲ್ಲಿ, ತಾನು ಹೂಡಿದ ಹಾಸಿನ ಎಳೆಗಳ ಮೇಲೆ, ತನ್ನ ಹೆಸರಿನ ಸೀರೆಗೆ ಜೋಳ ಸಾಣಿಸುವವಳು ಕೈ ಹಾಕಿದ್ದಾಳೆ ಎಂದು ಹೊಟ್ಟೆ ಉರಿಯಿತು.

ಬಣ್ಣ ನೋಡಲು ಬಾಲಮ್ಮ ಹತ್ತಿರ ಬಂದರೆ, "ಮುಟ್ಟಬ್ಯಾಡ, ಹೋಗು, ಸಾರು ನೋಡು" ಎಂದು ಗದರಿದಳು. ನೋಡುವ ಕೆಲಸ ವೆಂಕಟಯ್ಯನಿಗೆ ಬಿತ್ತು. ಆತ ಎರಡು ಮೊಳ ದೂರ ನಿಂತು, ಅರ್ಧ ಕಣ್ಣು ಮುಚ್ಚಿ, "ಚಲೋ ಐತಿ" ಎಂದು ಹೇಳಿ ಬೀಡಿಗೆ ಹೋಗುವನು. ಹೆಂಡತಿಯ ಹಿಮ್ಮಡಿಯನ್ನು ಸರಿಯಾಗಿ ನೋಡುವ ಎದೆ ಆತನಿಗಿರಲಿಲ್ಲ, ಭತ್ತದ ಮೇಲೆ ಬೈಕು ಬಿಡುವ ಎದೆ ಇತ್ತು.

ನಾಲ್ಕನೆಯ ದಿನ ಮುಂಜಾನೆ ಬಾಲಮ್ಮ ರೇಷನ್ ಅಂಗಡಿಯ ಸಾಲಿಗೆ ಹೋದಳು. ವೆಂಕಟಯ್ಯ ಬೀಡಿಗೆಂದು ಪೇಟೆಯ ಅಂಗಡಿಗೆ ಹೋಗಿ ಹರಟೆಗೆ ಕೂತ. ಮನೆ ಖಾಲಿಯಾದದ್ದೇ ಸುಗುಣಮ್ಮ ಕೂತಲ್ಲಿಂದಲೇ ಜಾರುತ್ತ, ಪೆಟ್ಟಾದ ಕಾಲನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಮಗ್ಗದ ಕೋಣೆಗೆ ಹೋದಳು. ನಿಂತಿರಲಿಲ್ಲ, ನಡೆದಿರಲಿಲ್ಲ. ಮಗ್ಗದ ಮುಂದೆ ನೆಲದ ಮೇಲೆ ಕೂತು ಕಾಲುಗಳನ್ನು ತುಳಿಗೋಲುಗಳಿರುವ ಗುಂಡಿಯೊಳಗೆ ಬಿಟ್ಟಳು.

ಇದನ್ನು ದಡ್ಡತನ ಅನ್ನುವವರು ಒಮ್ಮೆ ನೇಕಾರರ ಮನೆ ನೋಡಬೇಕು. ಕಾಲು ಇಳಿಬಿಡುವುದು ಅಂದರೆ ಆ ಮನೆಗಳಲ್ಲಿ ಮಂಚದ ಮೇಲೆ, ಬಸ್ಸಿನ ಸೀಟಿನ ಮೇಲೆ, ಶ್ರೀಮಂತರ ಕುರ್ಚಿಯ ಮೇಲೆ ಮಾಡುವ ಸೋಮಾರಿತನ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟಿರುವುದಿಲ್ಲ, ಇರಬೇಕಾದ ಕಡೆ ಇರುತ್ತದೆ. ಹುಟ್ಟಿದಾಗಿನಿಂದ ತಾಯಿ, ಅಜ್ಜಿ, ಅತ್ತೆ ಎಲ್ಲರೂ ನೆಲದ ಮೇಲೆ ಕೂತದ್ದು ಹಾಗೇ. ಸುಗುಣಮ್ಮ ಡಾಕ್ಟರ ಮಾತು ಮೀರಿದೆ ಎಂದು ಒಂದು ಕ್ಷಣವೂ ಅಂದುಕೊಳ್ಳಲಿಲ್ಲ. ಎಡಗಾಲನ್ನು ಗುಂಡಿಯ ಗೋಡೆಗೆ ಆನಿಸಿ ಸುಮ್ಮನೆ ಬಿಟ್ಟು, ಬಲಗಾಲಿನಿಂದಲೇ ಎರಡೂ ತುಳಿಗೋಲು ತುಳಿದಳು. ಬಾಲಮ್ಮ ನೇಯ್ದದ್ದನ್ನು ನೋಡಲೂ ಇಲ್ಲ. ನೋಡುವಂಥದ್ದು ಏನಿರುತ್ತದೆ? ಲಾಳಿ ಎಸೆದಳು. ಎರಡು ತಾಸು, ಎರಡೂವರೆ ತಾಸು ನೇಯ್ದಳು. ಎಡಗಾಲು ಜೋಮು ಹಿಡಿದು ಭಾರವಾಯಿತು. ಮಲಗಿ ಮಲಗಿ ಕಾಲು ಸೋಮಾರಿಯಾಗಿದೆ ಎಂದು ಅದನ್ನೂ ಬೈದುಕೊಂಡಳು.

ಬಾಲಮ್ಮ ಅಕ್ಕಿಯ ಚೀಲ ಹೊತ್ತು ಓಣಿಗೆ ತಿರುಗಿದಾಗಲೇ ಮಗ್ಗದ ಸದ್ದು ಕೇಳಿಸಿತು. ಚೀಲವನ್ನು ಬಾಗಿಲಲ್ಲೇ ಒಗೆದು ಒಳಗೆ ಬಂದು, ಮೊಬೈಲಿನ ಟಾರ್ಚ್ ಹಚ್ಚಿ ಗುಂಡಿಯೊಳಗೆ ಹಿಡಿದಳು. ಪಟ್ಟಿಯ ಅಂಚಿನಿಂದ ಉಬ್ಬಿ ಬಂದಿದ್ದ ತೊಗಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ನಸುಕಿನಾಗ ಈ ಬಣ್ಣ ಇರಲಿಲ್ಲ" ಎಂದಳು ಬಾಲಮ್ಮ.

"ನೀ ಯಾವಾಗ ನೋಡಿದಿ?"

"ನೀ ಮಲಗಿದಾಗ. ದಿನಾ ಮೂರು ಸಲ. ಇಪ್ಪತ್ತು ವರ್ಷ ಬಣ್ಣಾನೇ ನೋಡೀನಿ ನಾ."

ಆಮೇಲೆ ಆಕೆ ಸುಗುಣಮ್ಮನ ಅಪ್ಪಣೆ ಕೇಳಲಿಲ್ಲ. ಕಂಕುಳಿಗೆ ಕೈ ಹಾಕಿ ಎಳೆದು ನೆಲದ ಮೇಲೆ ಅಂಗಾತ ಮಲಗಿಸಿದಳು, ಕಾಲೆತ್ತಿ ನೇಯ್ದ ಬಟ್ಟೆ ಸುತ್ತಿದ ದಿಂಡಿನ ಮೇಲೆ ಇಟ್ಟಳು. ಫೋಟೋ ತೆಗೆದು ಕಳಿಸಿ ಡಾಕ್ಟರಿಗೆ ಫೋನ್ ಮಾಡಿದಳು. "ಬೆರಳಿನಿಂದ ಒತ್ತಿ ನೋಡ್ರಿ" ಎಂದಳು ಡಾಕ್ಟರು. "ಒತ್ತಿದ್ರ ಬೆಳ್ಳಗಾಗಿ ಲಗೂನ ಮತ್ತ ನೀಲಿ ಆಗ್ತೈತ್ರಿ" ಎಂದಳು ಬಾಲಮ್ಮ. "ರಕ್ತ ಹೋಗಾಕತ್ತೈತಿ, ಬರಾಕತ್ತಿಲ್ಲ. ಪಟ್ಟಿ ಸಡಿಲ ಮಾಡ್ರಿ, ಕಾಲು ಎತ್ತೇ ಇಟ್ಟು ಈಗಿಂದೀಗ ಕರ್ಕೊಂಡು ಬರ್ರಿ" ಎಂಬ ಉತ್ತರ ಬಂತು. ರಾಯಚೂರಿನವರೆಗೆ ಜೀಪಿನ ಹಿಂದಿನ ಸೀಟಿನಲ್ಲಿ ಸುಗುಣಮ್ಮನ ಕಾಲು ಬಾಲಮ್ಮನ ಹೆಗಲ ಮೇಲಿತ್ತು.

ಡಾಕ್ಟರು ಅಂಚಿನ ನಾಲ್ಕು ಹೊಲಿಗೆ ಬಿಚ್ಚಿ ನಿಂತ ಕಪ್ಪು ರಕ್ತ ಹರಿಯಬಿಟ್ಟಳು. ಆಮೇಲೆ ಕೋಪ ನುಂಗಿಕೊಂಡು ಕೇಳಿದಳು: "ನೆಲದ ಮ್ಯಾಲೆ ಕೂಡ್ತೀನಿ ಅಂದಿದ್ರಲ್ರಿ?"

"ನೆಲದ ಮ್ಯಾಲೇ ಕೂತಿದ್ದೆ."

"ಕಾಲು?"

"ಕಾಲು ಮಗ್ಗದಾಗಿತ್ತು. ಮತ್ತೆಲ್ಲಿರ್ತೈತಿ?"

ಗದ್ವಾಲದ ಮಗ್ಗ ನೆಲಕ್ಕೆ ಗುಂಡಿ ತೋಡಿ ಕೂರಿಸಿದ್ದೆಂದು ಡಾಕ್ಟರಿಗೆ ಬಾಲಮ್ಮ ಕೈಯಾಡಿಸಿ ತೋರಿಸಬೇಕಾಯಿತು. ಗದ್ವಾಲದ ಸೀರೆ ಆಕೆಯ ಬೀರುವಿನಲ್ಲಿ ಎರಡಿದ್ದವಂತೆ. ಉಡುವುದು ಗೊತ್ತು, ನೇಯುವವರ ಕಾಲು ಎಲ್ಲಿರುತ್ತದೆಂದು ಗೊತ್ತಿಲ್ಲ. ಬೇರೆ ದಿನವಾಗಿದ್ದರೆ ಸುಗುಣಮ್ಮ ಈ ಅಜ್ಞಾನವನ್ನು ಮೂರು ದಿನ ಜಗಿಯುತ್ತಿದ್ದಳು. ಈಗ ಅವಳಿಗೆ ಕೇಳಬೇಕಾದದ್ದು ಒಂದೇ ಇತ್ತು. ಇಷ್ಟು ದಿನ ಬಂದವರೆಲ್ಲ ಕೇಳಿದ್ದನ್ನು ಈಗ ಅವಳೇ ಕೇಳಿದಳು: "ಉಳಿತೈತೇನ್ರಿ?"

"ಮೂರು ದಿನ ನೋಡಬೇಕು" ಎಂದಳು ಡಾಕ್ಟರು.

ಆ ಮೂರು ದಿನ ಸುಗುಣಮ್ಮ ಯಾರನ್ನೂ ಬೈಯಲಿಲ್ಲ. ಬಾಲಮ್ಮ ಎರಡು ತಾಸಿಗೊಮ್ಮೆ ಬಗ್ಗಿ ಬಣ್ಣ ನೋಡಿ, ನೂಲಿನ ಬಣ್ಣ ಹೇಳುವವಳಂತೆ ಹೇಳುತ್ತಿದ್ದಳು: ಬದನೆ ಹೋಗಿ ನೇರಳೆ, ನೇರಳೆ ಹೋಗಿ ಗುಲಾಬಿ. ತುದಿಯಲ್ಲಿ ಎರಡು ಬೆರಳಗಲ ಮಾತ್ರ ತಿಳಿಯಾಗಲಿಲ್ಲ, ಕರ್ರಗೆ ಒಣಗಿತು. ಅದನ್ನು ಕತ್ತರಿಸಿ ತೆಗೆದು, ಉಳಿದದ್ದಕ್ಕೆ ವಾರವಾರ ಪಟ್ಟಿ ಕಟ್ಟಿದರು. ಮಿಕ್ಕ ತೊಗಲು ನಿಂತಿತು. ಮಳೆಗಾಲದ ಹೊತ್ತಿಗೆ, ದಿನಕ್ಕೆ ಐದು ನಿಮಿಷ, ಹತ್ತು ನಿಮಿಷ ಎಂದು ಗಡಿಯಾರ ನೋಡಿ ಕಾಲು ಇಳಿಬಿಡುವುದನ್ನು ಕಲಿತು, ಸುಗುಣಮ್ಮ ಕೋಲು ಹಿಡಿದು ಮನೆಯೊಳಗೆ ನಡೆಯುವಂತಾದಳು. ಸೀರೆಯನ್ನು ಅಷ್ಟರಲ್ಲಿ ಬಾಲಮ್ಮ ಮುಗಿಸಿದ್ದಳು, ಸೆರಗೂ ಕೂಡಿಸಿದ್ದಳು.

ಆದೆಪ್ಪ ಬಂದ. ಬಾಲಮ್ಮನ ಕೈ ಬಿದ್ದಿದೆ ಎಂದು ಗೊತ್ತಿತ್ತಲ್ಲ, ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಮನೆಯ ಸೀರೆಯನ್ನು ಬಿಚ್ಚಿ ಬಾಗಿಲ ಬೆಳಕಿಗೆ ಅಡ್ಡ ಹಿಡಿದ. ಓಣಿಯ ನಾಲ್ಕು ಹೆಂಗಸರು ಹೊಸ್ತಿಲಿಗೆ ಬಂದು ನಿಂತರು. ಮೊಳ ಮೊಳವಾಗಿ ಸೀರೆ ಜಾರಿತು. ಬಟ್ಟೆ ಒತ್ತಾಗಿತ್ತು, ಅಂಚು ನೆಟ್ಟಗಿತ್ತು, ಸೆರಗು ಕೂಡಿದ ಜಾಗ ಹುಡುಕಬೇಕಿತ್ತು. ಸುಗುಣಮ್ಮ ಗೋಡೆಗೆ ಒರಗಿ ನೋಡುತ್ತಿದ್ದಳು, ಆ ತಡೆದು ತಡೆದು ಬಡಿದ ಬಡಿತದ ಬಟ್ಟೆ ಇದೇ ಎಂದು ಅವಳಿಗೆ ನಂಬಲಾಗಲಿಲ್ಲ. ನಡುವೆ ಒಂದು ಕಡೆ ಆದೆಪ್ಪನ ಕೈ ನಿಂತಿತು. ಗೇಣುದ್ದದ ಒಂದು ಪಟ್ಟಿ. ಅದರೊಳಗಿಂದ ಬೆಳಕು ಸೋಸಿ ಬರುತ್ತಿತ್ತು, ಅಂಚು ಎಳೆದಂತೆ ಡೊಂಕಾಗಿತ್ತು.

"ಇಲ್ಲಿ ಜೋಳ ಸಾಣಿಸಬಹುದು ನೋಡು ಸುಗುಣಮ್ಮ" ಎಂದು ನಕ್ಕ ಆದೆಪ್ಪ. ಹೊಸ್ತಿಲಲ್ಲಿದ್ದವರೂ ನಕ್ಕು ಬಾಲಮ್ಮನ ಕಡೆ ನೋಡಿದರು. ಬಾಲಮ್ಮ ಸೊಪ್ಪು ಸೋಸುತ್ತ ಕೂತಿದ್ದಳು. ಅದು ಯಾರ ಕೈಯದು, ಯಾವ ದಿನದ್ದು ಎಂದು ಆಕೆಗೆ ಗೊತ್ತಿತ್ತು. ಇನ್ನೊಂದು ಸೊಪ್ಪಿನ ಕಟ್ಟು ಬಿಚ್ಚಿದಳು.

ಸುಗುಣಮ್ಮನೂ ಸುಮ್ಮನಿದ್ದರೆ ಸಾಕಿತ್ತು. ಅವಳು ಕೋಲು ಊರಿ ಎರಡು ಹೆಜ್ಜೆ ಮುಂದೆ ಬಂದಳು. ಆ ಗೇಣುದ್ದದ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು, ಮೂವತ್ತಮೂರು ವರ್ಷ ಊರಿನವರೆಲ್ಲರ ಬಟ್ಟೆಯನ್ನು ಹಿಡಿದು ನೋಡಿದ ಹಾಗೆಯೇ ನೋಡಿದಳು. ಮೂಗು ಮುರಿದಳು. ಆಮೇಲೆ ತಾನು ಉಟ್ಟ ಸೀರೆಯ ನೆರಿಗೆ ಎತ್ತಿ, ತುದಿಯಲ್ಲಿ ಎರಡು ಬೆರಳಗಲ ಕುಳಿ ಬಿದ್ದ ಹಿಮ್ಮಡಿಯನ್ನು ಆದೆಪ್ಪನಿಗೆ ತೋರಿಸಿದಳು.

"ಇದೂ ನಂದು, ಅದೂ ನಂದು" ಎಂದಳು. "ಎರಡೂ ಒಂದೇ ಮುಂಜಾನಿ ಕೆಡಿಸಿದ್ದು. ಉಳಿದದ್ದೆಲ್ಲಾ ಅಕೀದು."